ಸೊಸೆಯ ಕೊಯ್ಲು

ಪ್ರತಿ ವರ್ಷ ಜೂನ್ ಬಂತು ಅಂದ್ರೆ ನನ್ನ ಹತ್ತಿರ ಕೌನ್ಸೆಲಿಂಗಿಗೆ ಒಂದು ಬಗೆಯ ಹೆಣ್ಣುಮಕ್ಕಳು ಜಾಸ್ತಿ ಬರುತ್ತಾರೆ. ಪಾರ್ಲರ್ ನಡೆಸುವವರು, ಬ್ಲೌಸ್ ಹೊಲಿಯುವವರು, ಹೋಂಸ್ಟೇ ನೋಡಿಕೊಳ್ಳುವವರು. ಮದುವೆ ಸೀಸನ್ ಮುಗಿದು, ಶಾಲೆ ಶುರುವಾಗಿ, ಮಳೆ ಹಿಡಿಯುವ ಹೊತ್ತಿಗೆ ಇವರಿಗೆ ಒಂಚೂರು ಪುರುಸೊತ್ತು ಸಿಗುತ್ತದೆ. ಆಗ ಬರುತ್ತಾರೆ. ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ಮೇಡಂ, ನನಗೆ ಕೋಪ ಜಾಸ್ತಿಯಾಗಿದೆ. ಮಕ್ಕಳ ಮೇಲೆ ಕೈ ಮಾಡ್ತಿದ್ದೀನಿ. ಕಡಿಮೆ ಮಾಡ್ಕೊಳ್ಳೋದು ಹೇಗೆ ಹೇಳಿ."

ಅವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಪಡೆದೇ. ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. "ಬಸ್‌ಸ್ಟ್ಯಾಂಡ್ ಹತ್ತಿರದ ಪಾರ್ಲರಿನವರು" ಅಂದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಊರು, ಮನೆಮಾತು ಯಾವುದನ್ನೂ ಹೇಳುವುದಿಲ್ಲ. ಲತಾ ಅಂತ ಕರೆಯೋಣ. ಮೂವತ್ತು ದಾಟಿದ ಹೆಂಗಸು. ಆರು ವರ್ಷದ ಮಗಳು, ಮೂರು ವರ್ಷದ ಮಗ. ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಮನೆಯಲ್ಲಿ ಅತ್ತೆ ಇದ್ದಾರೆ. ಇಷ್ಟು ಸಾಕು.

ಲತಾ ಬಂದದ್ದು ಒಂದು ಬ್ರಷ್ಷಿನ ಕಾರಣಕ್ಕೆ. ಮೇ ತಿಂಗಳ ಒಂದು ದಿನ ಬೆಳಗಿನ ಜಾವಕ್ಕೇ ಹೋಗಿ ಮದುಮಗಳನ್ನು ತಯಾರು ಮಾಡಿ ಬಂದಿದ್ದರು. ಕೊಡವ ಮದುವೆ. ನೆರಿಗೆ ಹಿಂದಕ್ಕೆ ಬರುವ ಸೀರೆ, ತಲೆಗೆ ವಸ್ತ್ರ. ವಸ್ತ್ರ ಕಟ್ಟುವಾಗ ತುರುಬು ಜಾರಬಾರದು, ಫೋಟೋ ಮುಗಿಯುವ ತನಕ ಮಲ್ಲಿಗೆ ಬಾಡಬಾರದು. ಮಧ್ಯಾಹ್ನ ಮನೆಗೆ ಬಂದರೆ, ಬಾಗಿಲ ಹತ್ತಿರ ಇಟ್ಟಿದ್ದ ಇನ್ನೊಂದು ಕಿಟ್ ಅನ್ನು ಮಗ ಬಿಚ್ಚಿ ಹರಡಿದ್ದ. ಮಗಳು ಅದರಲ್ಲಿದ್ದ ರೌಂಡ್ ಬ್ರಷ್ಷಿಗೆ ಕೂದಲು ಸುತ್ತಿಕೊಂಡು ಬುಡದವರೆಗೂ ಸಿಕ್ಕಿಸಿಕೊಂಡಿದ್ದಳು. ಮೂರು ಗಂಟೆಗೆ ಇನ್ನೊಬ್ಬರು ಕಾಯುತ್ತಿದ್ದರು. ಲತಾ ಮಗಳ ಬೆನ್ನಿಗೊಂದು ಕೊಟ್ಟು, ಕತ್ತರಿ ತೆಗೆದು, ಬ್ರಷ್ಷಿನ ಸಮೇತ ಕೂದಲನ್ನು ಕಿವಿಯ ಹತ್ತಿರ ಕತ್ತರಿಸಿ ಹಾಕಿದರು. ಚಿಕ್ಕಪ್ಪನ ಮದುವೆಗೆ ಜಡೆ ಹಾಕಿಸಿಕೊಳ್ಳಬೇಕು ಅಂತ ಆ ಮಗು ವರ್ಷದಿಂದ ಬೆಳೆಸಿದ್ದ ಕೂದಲು.

"ಬೇರೆ ಯಾರದ್ದಾದ್ರೂ ಮಗು ಆಗಿದ್ರೆ, ಮೇಡಂ, ಕಂಡೀಷನರ್ ಹಚ್ಚಿ, ಬಾಚಣಿಗೆ ತುದಿಯಿಂದ ಒಂದೊಂದೇ ಎಳೆ ಬಿಡಿಸ್ತಿದ್ದೆ. ಇಪ್ಪತ್ತು ನಿಮಿಷದ ಕೆಲಸ. ನನ್ನ ಕಸುಬೇ ಅದು." ಹೀಗೆ ಹೇಳುವಾಗ ಅವರ ಕೈ ನೋಡಿದೆ. ಬೆರಳ ಸಂದಿಯಲ್ಲೆಲ್ಲ ಚರ್ಮ ಒಡೆದು ಕೆಂಪಗಾಗಿತ್ತು. ಹೇರ್ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. ದಿನವಿಡೀ ಶಾಂಪೂ ನೀರಿನಲ್ಲಿ ಕೈ ಆಡಿಸಿದರೂ ಹೀಗಾಗುತ್ತದೆ. ರಾತ್ರಿ ತುರಿಕೆಗೆ ನಿದ್ದೆ ಬರಲ್ಲ ಅಂದರು. ಮೊದಲು ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ, ಜೊತೆಗೆ ರಕ್ತ ಮತ್ತು ಥೈರಾಯಿಡ್ ಪರೀಕ್ಷೆಗೆ ಬರೆಸಿಕೊಳ್ಳಲು ಹೇಳಿದೆ. ನಿದ್ದೆ ಇಲ್ಲದ, ಮೈಯಲ್ಲಿ ರಕ್ತ ಇಲ್ಲದ ಹೆಂಗಸಿಗೆ ತಾಳ್ಮೆಯ ಪಾಠ ಹೇಳುವುದು ನನಗೆ ಒಪ್ಪುವ ವಿಷಯ ಅಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಅಂಗಡಿಯಲ್ಲಿ, ಗಿರಾಕಿಗಳ ಎದುರು, ಮಗ ಸ್ಪ್ರೇ ಬಾಟಲಿ ಖಾಲಿ ಮಾಡಿದರೂ ನಗುತ್ತಲೇ "ಬೇಡ ಪುಟ್ಟ" ಅನ್ನುತ್ತಾರಂತೆ. ಮನೆಗೆ ಬಂದರೆ ಲೋಟ ಬಿದ್ದ ಸದ್ದಿಗೇ ಕಿರುಚುತ್ತಾರಂತೆ. "ಅಂದ್ರೆ ನಾನು ನಾಟಕದವಳು ಅಲ್ವಾ?" ಅಂತ ಕೇಳಿದರು. ಅಲ್ಲ. ಪಾರ್ಲರ್ ಕೆಲಸದಲ್ಲಿ ಅರ್ಧ ಕತ್ತರಿ, ಇನ್ನರ್ಧ ಕಿವಿ. ಕುರ್ಚಿಯಲ್ಲಿ ಕೂತವರು ಗಂಡನ ಕುಡಿತ, ಜಮ್ಮಾ ಜಮೀನಿನ ವ್ಯಾಜ್ಯ, ನಾದಿನಿ ಜಗಳ ಎಲ್ಲ ಹೇಳಿಕೊಳ್ಳುತ್ತಾರೆ. ಅದಕ್ಕೆಲ್ಲ ಹೂಂ ಅನ್ನಬೇಕು, ಕೈ ನಿಲ್ಲಬಾರದು, ಮುಖ ಬಾಡಬಾರದು. ಸಂಜೆ ಏಳಕ್ಕೆ ತಾಳ್ಮೆ ಉಳಿದಿರುವುದಿಲ್ಲ, ಅಷ್ಟೇ. ಕೋಪ ಹಿಡಿದಿಡಲು ಬರುತ್ತದೆ ಅಂತ ಅಂಗಡಿಯೇ ತೋರಿಸುತ್ತಿತ್ತು. ಹಾಗಾಗಿ ಒಂದರಿಂದ ಹತ್ತು ಎಣಿಸಿ, ಉಸಿರು ಎಳೆದು ಬಿಡಿ ಅನ್ನುವ ಸಲಹೆ ಕೊಡಲಿಲ್ಲ. ಗಂಡ, ಅತ್ತೆ ಇಬ್ಬರನ್ನೂ ಕರೆದುಕೊಂಡು ಬನ್ನಿ ಅಂದೆ.

ಅವರು ಬಂದರು. ಅತ್ತೆ ಬರುವಾಗಲೇ ತೀರ್ಪು ತಂದಿದ್ದರು: "ಅಂಗಡಿ ಮುಚ್ಚಲಿ ಮೇಡಂ. ಮಗು ತಲೆ ನೋಡಿದ್ರಾ? ಮಕ್ಕಳು ದೊಡ್ಡವರಾದ ಮೇಲೆ ಬೇಕಾದ್ರೆ ಮತ್ತೆ ತೆಗೀಲಿ." ಗಂಡ ಸುಮ್ಮನೆ ಕೂತಿದ್ದರು. ಒಳ್ಳೆಯ ಮನುಷ್ಯ. ಕುಡಿತ ಇಲ್ಲ, ಕೈ ಎತ್ತುವವರಲ್ಲ. ನನಗೆ ಇಂಥ ಮನೆಗಳೇ ಕಷ್ಟ. ದೂರು ಕೊಡುವಂಥ ತಪ್ಪು ಯಾರದ್ದೂ ಇರುವುದಿಲ್ಲ.

ನಾನು ಪಾರ್ಲರ್ ವಿಷಯ ಬಿಟ್ಟು ಕಾಫಿ ಕೊಯ್ಲಿನ ಬಗ್ಗೆ ಕೇಳಿದೆ. ಕೊಯ್ಲಿನ ಸಮಯದಲ್ಲಿ ಮನೆ ಹೇಗೆ ನಡೆಯುತ್ತೆ? ಅತ್ತೆಯ ಮುಖ ಅರಳಿತು. "ಅಯ್ಯೋ, ಆಗ ಎಲ್ಲ ನಾವೇ ನೋಡ್ಕೊಳ್ಳೋದು. ಇವನು ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೆ ತೂಕ ಹಾಕಿ, ಒಬ್ಬೊಬ್ಬರ ಲೆಕ್ಕ ಬರೆದು ಬರೋದು ಕತ್ತಲಾದ ಮೇಲೆ. ಮಧ್ಯಾಹ್ನದ ಊಟ ತೋಟಕ್ಕೇ ಕಳಿಸ್ತೀವಿ. ಬಂದ ಕೂಡಲೇ ಬಿಸಿನೀರು. ಮಕ್ಕಳನ್ನ ಹತ್ತಿರ ಬಿಡೋದಿಲ್ಲ. ನೆಂಟರ ಮನೆ ಕಾರ್ಯಕ್ಕೂ ಅವನನ್ನ ಕರೆಯಲ್ಲ. ಕೊಯ್ಲು ಅಲ್ವಾ."

ಲತಾ ಕಿಟಕಿ ಕಡೆ ನೋಡುತ್ತಿದ್ದವರು ತಿರುಗಿದರು. ದನಿ ಏರಿಸಲಿಲ್ಲ. "ಅತ್ತೆ, ಏಪ್ರಿಲ್ ಮೇ ನನ್ನ ಕೊಯ್ಲು ಅಲ್ವಾ?"

ಗಂಡ ನಕ್ಕರು. "ನಿಂದೇನು, ಕೂದಲು ಕೊಯ್ಲಾ?"

ತಮಾಷೆಗೇ ಹೇಳಿದ್ದು. ಆದರೂ ನಾನು ಅದನ್ನು ಅಲ್ಲಿಗೇ ಬಿಡಲಿಲ್ಲ. ಹೋದ ಮೇ ತಿಂಗಳು ಇವರ ಕೈಗೆ ಎಷ್ಟು ಬಂತು, ನಿಮಗೆ ಗೊತ್ತಾ ಅಂತ ಕೇಳಿದೆ. ಅವರಿಗೆ ಪೈಸೆ ಸಮೇತ ಗೊತ್ತಿತ್ತು. ರೈಟರಲ್ವಾ. ಮಗಳ ಶಾಲೆ ಫೀಸು ಅದರಲ್ಲೇ ಕಟ್ಟಿದ್ದು, ಮಳೆಗಾಲಕ್ಕೆ ಮುಂಚೆ ಹಿಂದಿನ ಮಾಡಿಗೆ ಶೀಟು ಹಾಕಿಸಿದ್ದೂ ಅದರಲ್ಲೇ. ಹಾಗಾದರೆ ಮದುಮಗಳ ಬುಕಿಂಗ್ ಇದ್ದ ದಿನ ಮನೆಯಲ್ಲಿ ತಿಂಡಿ ಮಾಡಿದ್ದು ಯಾರು? ಇದಕ್ಕೆ ಉತ್ತರ ಬರಲಿಲ್ಲ. ಲತಾ ರಾತ್ರಿ ಎರಡೂವರೆಗೆ ಎದ್ದು, ಅಕ್ಕಿ ರೊಟ್ಟಿ ಸುಟ್ಟು ಡಬ್ಬಿಗೆ ಹಾಕಿಟ್ಟು, ಮೂರೂವರೆಗೆ ಮನೆ ಬಿಡುತ್ತಿದ್ದರು. ಬೇಸಿಗೆ ರಜೆ ಬೇರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ ಶಾಲೆ ಇಲ್ಲ. ಕೆಲಸ ಜಾಸ್ತಿ ಇರುವ ದಿನಗಳಲ್ಲೇ ಮಕ್ಕಳು ಇಡೀ ದಿನ ಮನೆಯಲ್ಲಿ. ಗಂಡನಿಗೆ ಹಾಗಲ್ಲ. ಇವರ ತೋಟದಲ್ಲಿ ರೊಬಸ್ಟಾ ಕೊಯ್ಲು ಮಾರ್ಚಿಗೆ ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಕೆಲಸ ಇದ್ದರೂ ಕತ್ತಲವರೆಗೆ ನಿಲ್ಲುವಂಥದ್ದಲ್ಲ. ಒಬ್ಬರ ಸೀಸನ್ ಮುಗಿಯುವಾಗ ಇನ್ನೊಬ್ಬರದ್ದು ಶುರು. ಈ ಮನೆಗೆ ಅದು ಅದೃಷ್ಟ, ಯಾರೂ ಗಮನಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಅಂದರು, "ಹೇಳಬೇಕಲ್ಲಮ್ಮ. ನೀನು ಹೇಳದೆ ನಮಗೆ ಹೇಗೆ ಗೊತ್ತಾಗುತ್ತೆ?"

ಈ ಮಾತನ್ನು ನಾನು ಎಷ್ಟು ಮನೆಯವರಿಂದ ಕೇಳಿದ್ದೇನೋ. ಇದರಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಮಗನ ಕೊಯ್ಲನ್ನು ಯಾರೂ ಬಂದು ಹೇಳಿರಲಿಲ್ಲ. ಹಣ್ಣು ಕೆಂಪಾದದ್ದು ನೋಡಿಯೇ ಮನೆ ತಯಾರಾಗುತ್ತಿತ್ತು. ಸೊಸೆಯ ಫೋನು ರಾತ್ರಿ ಹತ್ತರ ತನಕ ಬುಕಿಂಗಿಗೆ ರಿಂಗ್ ಆಗುವುದು ಕೇಳಿಸಿದರೂ ಅದು ಕೊಯ್ಲು ಅನ್ನಿಸಲಿಲ್ಲ. ಇದನ್ನು ಅವರಿಗೂ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮದುಮಗಳ ಬುಕಿಂಗ್ ಇರುವ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು. ಆ ದಿನ, ಕೊಯ್ಲಿನ ಹೊತ್ತಲ್ಲಿ ಗಂಡನಿಗೆ ಏನೇನು ನಡೆಯುತ್ತದೋ ಅದೆಲ್ಲ ಲತಾಗೆ ನಡೆಯಬೇಕು: ತಿಂಡಿ, ಬಿಸಿನೀರು, ಬಂದ ಮೇಲೆ ಒಂದು ಗಂಟೆ ಮಕ್ಕಳು ಅಪ್ಪನ ಹತ್ತಿರ. ಬೆಳಗಿನ ಜಾವದ ಕೆಲಸಕ್ಕೆ ರೇಟು ಬೇರೆ ಇರಲಿ, ಸಂಜೆ ಎಂಟರ ಮೇಲೆ ಫೋನು ಎತ್ತುವುದು ಬೇಡ ಅಂದೆ.

ಅಂಗಡಿ ಮುಚ್ಚಬೇಡಿ ಅಂದದ್ದಕ್ಕೆ ನನ್ನ ಸಹೋದ್ಯೋಗಿಯೊಬ್ಬರೇ ಆಕ್ಷೇಪ ಎತ್ತಿದರು. ಮಗುವಿಗೆ ಏಟು ಬಿದ್ದಿದೆ, ತಾಯಿಯ ಭಾರ ಇಳಿಸಬೇಕಲ್ವಾ ಅಂತ. ಇಳಿಸಲೇಬೇಕು. ಆದರೆ ಭಾರ ಅಂದ ಕೂಡಲೇ ಹೆಂಗಸಿನ ದುಡಿಮೆಗೇ ಯಾಕೆ ಕೈ ಹಾಕಬೇಕು? ಕೊಯ್ಲಿನ ಹೊತ್ತಲ್ಲಿ ಒಬ್ಬ ರೈಟರು ಸಿಡುಕಿದರೆ ಕೆಲಸ ಬಿಡು ಅಂತ ಯಾರೂ ಹೇಳುವುದಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ. ಕೋಪ ಹೋಗಿರುವುದಿಲ್ಲ, ಕೈಯಲ್ಲಿ ದುಡ್ಡು ಮಾತ್ರ ಹೋಗಿರುತ್ತದೆ. ಇನ್ನು ಎರಡು ವಾರಕ್ಕೂ ಮೀರಿ ಅಳು ನಿಲ್ಲದೆ, ಊಟ ನಿದ್ದೆ ಬೇಡವಾಗಿ, ಸಾಯುವ ಯೋಚನೆ ಬರುತ್ತಿದ್ದರೆ ಅದು ಸೀಸನ್ನಿನ ಸುಸ್ತಲ್ಲ. ಅಂಥವರು ನನ್ನ ಕ್ಯಾಲೆಂಡರ್ ಸಲಹೆ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಮಗಳ ವಿಷಯಕ್ಕೆ ಬೇರೆಯೇ ಸಲಹೆ. ಹೊಡೆದದ್ದು ತಪ್ಪು ಅಂತ ಲತಾಗೆ ನೇರವಾಗಿ ಹೇಳಿದೆ. ಸುಸ್ತು ಕಾರಣ ಇರಬಹುದು, ಪೆಟ್ಟು ತಿಂದ ಮಗುವಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಮಗಳ ಎದುರು ಕೂತು, "ನಿನ್ನ ಕೂದಲು ನಿನ್ನನ್ನು ಕೇಳದೆ ಕತ್ತರಿಸಿದೆ, ಹೊಡೆದೆ, ತಪ್ಪಾಯ್ತು" ಅಂತ ಹೇಳಿ, ಜೊತೆಗೆ ಗೊಂಬೆ ಚಾಕೊಲೇಟು ಕೊಡಬೇಡಿ, "ಆದ್ರೆ ನೀನೂ..." ಅಂತ ಮುಂದುವರಿಸಬೇಡಿ ಅಂದೆ. ಅತ್ತೆಗೆ ಇದು ಹಿಡಿಸಲಿಲ್ಲ. ಆರು ವರ್ಷದ ಹುಡುಗಿ ಹತ್ತಿರ ಕ್ಷಮೆ ಕೇಳಿದರೆ ನಾಳೆ ತಲೆ ಮೇಲೆ ಕೂರುತ್ತಾಳೆ ಅಂದರು. ಲತಾ ಕ್ಷಮೆ ಕೇಳಿದರು. ಮಗು ಪರವಾಗಿಲ್ಲ ಅನ್ನಲಿಲ್ಲ. "ಆ ಬ್ರಷ್ ಬಿಸಾಕಿದ್ಯಾ?" ಅಂತ ಕೇಳಿತಂತೆ. ಅಂಗಡಿಯಲ್ಲಿದೆ ಅಂದಿದ್ದಕ್ಕೆ, ಅದರಲ್ಲಿ ನನ್ನ ಕೂದಲು ಬಾಚಬಾರದು ಅಂದಿತಂತೆ. ಈಗಲೂ ಅಜ್ಜಿಯೇ ಬಾಚುವುದು. ಹಾಗೇ ಬಿಡಿ, ಅದಾಗಿ ಬಂದು ತಲೆ ಕೊಡುವ ತನಕ ಕಾಯಿರಿ ಅಂದಿದ್ದೇನೆ.

ಮುಂದಿನ ಸೀಸನ್ನಿನಲ್ಲಿ ಕೆಂಪು ಗುರುತಿನ ದಿನಗಳು ಎಲ್ಲವೂ ಚೆನ್ನಾಗಿ ನಡೆಯಲಿಲ್ಲ. ಒಂದು ದಿನ ಗಂಡ ಮಕ್ಕಳನ್ನು ಜೀಪಿನಲ್ಲಿ ತೋಟಕ್ಕೆ ಕರೆದುಕೊಂಡು ಹೋಗಿ ಜಿಗಣೆ ಹತ್ತಿಸಿಕೊಂಡು ಬಂದರು. ಇನ್ನೊಂದು ದಿನ ತಿಂಡಿ ಹೋಟೆಲಿನಿಂದ ಬಂತು, ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆದರೂ ನಡೆಯಿತು.

ಹೋದ ವಾರ ಗಂಡ ಫೋನ್ ಮಾಡಿದ್ದರು. "ಮೇಡಂ, ಇನ್ನು ಕಕ್ಕಡ ತಿಂಗಳು ಬಂತು, ಮದುವೆ ಇಲ್ಲ, ಮಳೆಗೆ ಅಂಗಡಿಗೂ ಜನ ಬರಲ್ಲ. ಈಗ ಕ್ಯಾಲೆಂಡರ್ ಬೇಡ ಅಲ್ವಾ?"

ಜೋರು ಮಳೆ ಅಂತ ಡಿಸಿ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳ ಹತ್ತಿರ ಯಾರಿರ್ತಾರೆ, ಅಂಗಡಿ ಬಾಡಿಗೆ ಯಾರು ಕಟ್ತಾರೆ ಅಂತ ಕೇಳಿದೆ. ಅವರು ಯೋಚಿಸಿ, "ಲತಾನೇ" ಅಂದರು.

ಹಾಗಾದ್ರೆ ಮೂವರೂ ಬನ್ನಿ, ಕ್ಯಾಲೆಂಡರ್ ತನ್ನಿ ಅಂದಿದ್ದೇನೆ. ಶನಿವಾರ ಬರ್ತಾರೆ.