ಮೊದಲು ಬಾಯಿ, ಆಮೇಲೆ ಕೈ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದಿರುವುದೆಲ್ಲ ಲೈವ್ ಪೋಕರ್ ಟೂರ್ನಮೆಂಟ್ ಬಗ್ಗೆ, ಅದರಲ್ಲೂ ನೋ ಲಿಮಿಟ್ ಹೋಲ್ಡೆಮ್ (ಕೈಗೆ ಎರಡೆರಡು ಎಲೆ, ಎಷ್ಟು ಚಿಪ್ಸ್ ಬೇಕಾದರೂ ಪಣಕ್ಕಿಡಬಹುದಾದ ಪೋಕರ್) ಬಗ್ಗೆ. ಉತ್ತರಗಳಿಗೆ ಆಧಾರ 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ನಿನ ನಿಯಮಗಳು. ನೀವು ಆಡುವ ಜಾಗದಲ್ಲಿ ಒಂದೆರಡು ನಿಯಮ ಬೇರೆ ಇರಬಹುದು. ಹೆಸರು ಬರೆಸುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ: ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ ಆಡುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ನಿಜವಾದ ಟೇಬಲ್ಲಿನಲ್ಲಿ ಕೂರಲಿದ್ದೇನೆ. ಆಟ ಗೊತ್ತು, ಚಿಪ್ಸ್ ಇಡುವುದರಲ್ಲಿ ಎಡವಟ್ಟಾದರೆ ಎಂದು ಭಯ.

ಭಯಪಡಬೇಕಾದದ್ದೇ. ಸ್ಕ್ರೀನಿನಲ್ಲಿ ಬಟನ್ ಒತ್ತಿದರೆ ಲೆಕ್ಕವೆಲ್ಲ ಯಂತ್ರದ್ದು. ಇಲ್ಲಿ ನಿಮ್ಮ ಕೈ ಏನು ಮಾಡಿತೋ ಅದೇ ಲೆಕ್ಕ. ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಿ: ಚಿಪ್ಸ್ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಿ. ‘ಕಾಲ್’ (ಎದುರಿನವರು ಇಟ್ಟಷ್ಟೇ ನಾನೂ ಇಡುತ್ತೇನೆ). ‘ರೇಸ್, ಒಟ್ಟು 4,500’ (ಅದಕ್ಕಿಂತ ಏರಿಸುತ್ತೇನೆ). ಹೀಗೆ ಹೇಳಿಬಿಟ್ಟರೆ ಆಮೇಲೆ ಎಷ್ಟು ಸಲ ಕೈ ಚಾಚಿ ಚಿಪ್ಸ್ ಎಣಿಸಿದರೂ ಯಾರೂ ತಕರಾರು ಮಾಡುವುದಿಲ್ಲ.

ಹೇಳದೆ ಇಟ್ಟರೆ ಏನಾಗುತ್ತದೆ? ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣ, ಒಂದು ಸ್ಮಾಲ್, ಒಂದು ಬಿಗ್) 300–600. ಒಬ್ಬರು 1,500ಕ್ಕೆ ರೇಸ್ ಮಾಡಿದ್ದಾರೆ. ನಿಮ್ಮ ಕೈಯಲ್ಲಿ ಜೋಡಿ ರಾಜ. ಸುಮ್ಮನೆ 5,000ದ ಒಂದು ಚಿಪ್ ಮುಂದಿಟ್ಟಿರಿ. ಡೀಲರ್ ‘ಕಾಲ್’ ಎಂದು 3,500 ವಾಪಸ್ ಕೊಡುತ್ತಾರೆ. ಒಂಟಿ ಚಿಪ್ ಎಷ್ಟೇ ದೊಡ್ಡದಿರಲಿ, ಮಾತಿಲ್ಲದೆ ಬಿದ್ದರೆ ಅದು ಕಾಲ್. ಮೊದಲು 1,500 ಇಟ್ಟು, ಮತ್ತೆ ಸ್ಟ್ಯಾಕಿಗೆ (ನಿಮ್ಮ ಚಿಪ್ಸ್ ರಾಶಿಗೆ) ಕೈ ಹಾಕಿ ಇನ್ನಷ್ಟು ತಂದರೆ ಅದು ಸ್ಟ್ರಿಂಗ್ ಬೆಟ್. ಎರಡನೇ ಕಂತು ಲೆಕ್ಕಕ್ಕಿಲ್ಲ. 1,000ದ ಎರಡು ಚಿಪ್ ಇಟ್ಟರೂ ಕಾಲೇ, ಏಕೆಂದರೆ ಒಂದನ್ನು ತೆಗೆದರೆ 1,500 ತುಂಬುವುದಿಲ್ಲ.

ಈಗ 500ರ ನಾಲ್ಕು ಚಿಪ್ ಇಟ್ಟಿರಿ ಅನ್ನಿ, ಒಟ್ಟು 2,000. ಒಂದು ತೆಗೆದರೂ ಕಾಲಿಗೆ ಸಾಕು. ಎದುರಾಳಿ 600ರಿಂದ 1,500ಕ್ಕೆ, ಅಂದರೆ 900 ಏರಿಸಿದ್ದಾರೆ. ಹಾಗಾಗಿ ನಿಮ್ಮ ಕನಿಷ್ಠ ರೇಸ್ 2,400. ನೀವು ಮೇಲೆ ಹಾಕಿದ್ದು 500, ಅದು 900ರ ಅರ್ಧಕ್ಕಿಂತ ಜಾಸ್ತಿ. ಆದ್ದರಿಂದ 2,400 ಪೂರ್ತಿ ಮಾಡಲೇಬೇಕು, ಹಿಂದೆ ತೆಗೆಯುವಂತಿಲ್ಲ. ಅರ್ಧಕ್ಕಿಂತ ಕಡಿಮೆ ಇದ್ದಿದ್ದರೆ ಕಾಲ್ ಆಗುತ್ತಿತ್ತು.

ಇನ್ನೊಂದು ಹಳ್ಳ ಫ್ಲಾಪ್ (ಟೇಬಲ್ ಮಧ್ಯೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಬಿದ್ದ ಮೇಲೆ. ಯಾರೂ ಬೆಟ್ ಮಾಡಿರದಿದ್ದಾಗ ಅದೇ 5,000ದ ಚಿಪ್ ಮಾತಿಲ್ಲದೆ ಇಟ್ಟರೆ ಪೂರ್ತಿ 5,000 ಬೆಟ್. ಚಿಲ್ಲರೆ ಬರುತ್ತದೆ ಎಂದು ಕಾಯಬೇಡಿ.

ಸಿನಿಮಾದಲ್ಲಿ ‘ನಿನ್ನ ಸಾವಿರಕ್ಕೆ ಕಾಲ್, ಅದರ ಮೇಲೆ ಎರಡು ಸಾವಿರ’ ಎನ್ನುವ ಡೈಲಾಗ್ ಇರುತ್ತದಲ್ಲ, ಅದನ್ನು ಮರೆತುಬಿಡಿ. ‘ಕಾಲ್’ ಎಂದಲ್ಲಿಗೆ ನಿಮ್ಮ ಸರದಿ ಮುಗಿಯಿತು. ಸರದಿ ತಪ್ಪಿ ಆಡುವುದೂ ಅಪಾಯ. ನಿಮಗಿಂತ ಮುಂಚಿನವರು ಚೆಕ್ (ಏನೂ ಇಡದೆ ಸರದಿ ದಾಟಿಸುವುದು), ಕಾಲ್ ಅಥವಾ ಫೋಲ್ಡ್ (ಎಲೆ ಬಿಟ್ಟುಕೊಡುವುದು) ಮಾಡಿದರೆ ನೀವು ಅವಸರದಲ್ಲಿ ಆಡಿದ್ದೇ ಗಟ್ಟಿ. ಅವರು ಬೆಟ್ ಅಥವಾ ರೇಸ್ ಮಾಡಿದರೆ ಮಾತ್ರ ನಿಮಗೆ ಮತ್ತೆ ಆಯ್ಕೆ.

ಪ್ರಶ್ನೆ: ಎಲೆ ನೋಡುವಾಗ, ತೋರಿಸುವಾಗ ಏನಾದರೂ ಕ್ರಮ ಇದೆಯೇ?

ಎಲೆಗಳನ್ನು ಟೇಬಲ್ ಮೇಲಿಂದ ಎತ್ತಬೇಡಿ. ಎರಡೂ ಕೈಯಿಂದ ಮರೆ ಮಾಡಿ, ಹೆಬ್ಬೆರಳಲ್ಲಿ ಮೂಲೆ ಮಾತ್ರ ಮಡಿಸಿ ನೋಡಿ, ಮೇಲೊಂದು ಚಿಪ್ ಇಟ್ಟುಬಿಡಿ. ಚಿಪ್ ಇಡುವುದು ಶೋಕಿಗಲ್ಲ. ಡೀಲರ್‌ನ ಪಕ್ಕದ ಸೀಟಿನವರ ಎಲೆ ಕಾವಲಿಲ್ಲದೆ ಬಿದ್ದಿದ್ದರೆ ಫೋಲ್ಡ್ ಆದ ಎಲೆಗಳ ಜೊತೆ ಗುಡಿಸಿಹೋಗುತ್ತದೆ, ಆಮೇಲೆ ಜೋಡಿ ಎಕ್ಕ ಇತ್ತೆಂದರೆ ಕೇಳುವವರಿಲ್ಲ.

ಕೊನೆಯಲ್ಲಿ ಪಾಟ್ (ಮಧ್ಯೆ ಸೇರಿದ ಎಲ್ಲ ಚಿಪ್ಸ್) ನಿಮ್ಮದು ಅನ್ನಬೇಕಾದರೆ ಎರಡೂ ಎಲೆ ಅಂಗಾತ ಬೀಳಬೇಕು. ಬಾಯಲ್ಲಿ ‘ಸ್ಟ್ರೇಟ್’ (ಸಾಲಾಗಿ ಐದು ಎಲೆ) ಅಂದರೆ ಸಾಲದು, ಲೆಕ್ಕಕ್ಕೆ ಬರುವುದು ಎಲೆ. ಎದುರಿನವರು ‘ಫ್ಲಶ್’ (ಒಂದೇ ಜಾತಿಯ ಐದು ಎಲೆ) ಎಂದು ಬರೀ ಮಾತಲ್ಲಿ ಹೇಳಿದರೆ ನಿಮ್ಮ ಎಲೆ ಎಸೆಯಬೇಡಿ. ಅವರು ತೋರಿಸಲಿ, ನೀವೂ ತೋರಿಸಿ, ಡೀಲರ್ ಪಾಟ್ ತಳ್ಳುವವರೆಗೆ ಎಲೆ ಬಿಟ್ಟುಕೊಡಬೇಡಿ. ಹೊಸಬರು ಗೆದ್ದ ಪಾಟ್ ಕಳೆದುಕೊಳ್ಳುವುದು ಇಲ್ಲೇ.

ಪ್ರಶ್ನೆ: 30,000 ಚಿಪ್ಸ್, 30 ನಿಮಿಷದ ಲೆವೆಲ್ (ಬ್ಲೈಂಡ್ ಏರುವ ತನಕದ ಅವಧಿ) ಅಂತ ಬರೆದಿದ್ದಾರೆ. ಒಳ್ಳೆಯ ಎಲೆಗೆ ಕಾಯುತ್ತಾ ಕೂರಬಹುದೇ?

ಶುರುವಿನಲ್ಲಿ ಕೂರಬಹುದು. ಬ್ಲೈಂಡ್ 100–200 ಇದ್ದಾಗ 30,000 ಅಂದರೆ 150 ಬಿಗ್ ಬ್ಲೈಂಡ್. 500–1,000ಕ್ಕೆ ಬಂದಾಗ ಅದೇ ಸ್ಟ್ಯಾಕ್ 30 ಬಿಗ್ ಬ್ಲೈಂಡಿಗೆ ಇಳಿದಿರುತ್ತದೆ. ಜೊತೆಗೆ ಈಗೀಗ ಆಂಟೆಯನ್ನು (ಬ್ಲೈಂಡ್ ಅಲ್ಲದೆ ಕಟ್ಟಬೇಕಾದ ಇನ್ನೊಂದು ಪಣ) ಇಡೀ ಟೇಬಲ್ ಪರವಾಗಿ ಬಿಗ್ ಬ್ಲೈಂಡ್ ಇದ್ದವರೇ ಕಟ್ಟುವ ಪದ್ಧತಿ. ಆ ಲೆವೆಲ್ಲಿನಲ್ಲಿ ಒಂದು ಸುತ್ತಿಗೆ ನಿಮ್ಮಿಂದ 500, 1,000, ಆಂಟೆ 1,000, ಒಟ್ಟು 2,500 ಹೋಗುತ್ತದೆ.

ಆನ್‌ಲೈನ್‌ನವರಿಗೆ ಹೊಡೆತ ಬೀಳುವುದು ವೇಗದ ಲೆಕ್ಕದಲ್ಲಿ. ಕೈಯಲ್ಲಿ ಹಂಚುವ ಟೇಬಲ್ಲಿನಲ್ಲಿ ಗಂಟೆಗೆ ಸುಮಾರು 25ರಿಂದ 30 ಹ್ಯಾಂಡ್ (ಒಂದು ಸಲ ಹಂಚಿ ಮುಗಿಸುವ ಆಟ) ಮಾತ್ರ. ಒಂಬತ್ತು ಜನರಿದ್ದರೆ ಒಂದು ಲೆವೆಲ್ಲಿಗೆ ಒಂದೂವರೆ ಸುತ್ತು ಆದರೆ ಹೆಚ್ಚು. ಜೋಡಿ ಎಕ್ಕ ಬರುವ ಸಂಭವವೋ 221 ಹ್ಯಾಂಡಿಗೆ ಒಂದರಂತೆ. ಮೊದಲ ಎರಡು ಗಂಟೆ ಬೇಸರ ಬಂದು ಗುಲಾಮ–ಏಳರಂಥ ಎಲೆ ಹಿಡಿದು ನುಗ್ಗುವವರೂ, ಆರನೇ ಗಂಟೆಯಲ್ಲೂ ಜೋಡಿ ರಾಣಿಗೇ ಕಾದು ಕೂರುವವರೂ ಒಂದೇ ತಪ್ಪು ಮಾಡುತ್ತಾರೆ: ಗಡಿಯಾರ ನೋಡುವುದಿಲ್ಲ. ಬ್ಲೈಂಡ್ ಏರಿದಾಗಲೆಲ್ಲ ನಿಮ್ಮ ಚಿಪ್ಸನ್ನು ಬಿಗ್ ಬ್ಲೈಂಡಿನಿಂದ ಭಾಗಿಸಿ. ಉತ್ತರ 10ರ ಹತ್ತಿರ ಬಂದರೆ ಆಡುವ ಎಲೆಗೆ ಸಣ್ಣ ರೇಸ್ ಬೇಡ, ಆಲ್-ಇನ್ (ಇರುವ ಚಿಪ್ಸೆಲ್ಲ ಒಟ್ಟಿಗೆ) ಅಥವಾ ಫೋಲ್ಡ್.

ಪ್ರಶ್ನೆ: ಫೋನ್ ಬಳಸಬಹುದೇ? ಮಧ್ಯೆ ಎದ್ದು ಹೋಗಬಹುದೇ?

ಕೈಯಲ್ಲಿ ಎಲೆ ಇರುವಾಗ ಫೋನ್ ಬೇಡ. ಎದ್ದು ಹೋಗಬಹುದು, ಆದರೆ ಆಟ ನಿಲ್ಲುವುದಿಲ್ಲ, ನಿಮ್ಮ ಬ್ಲೈಂಡ್ ಹೋಗುತ್ತಲೇ ಇರುತ್ತದೆ. ಶುರುವಿನ ಹಂಚಿಕೆಯ ಕೊನೆಯ ಎಲೆ ಬೀಳುವ ಹೊತ್ತಿಗೆ ನೀವು ಸೀಟಿನಲ್ಲಿ ಇರದಿದ್ದರೆ ಆ ಹ್ಯಾಂಡ್ ಸತ್ತ ಹಾಗೆ. ಚಿಪ್ಸನ್ನಂತೂ ಜೇಬಿಗೆ ಹಾಕಬೇಡಿ, ಟೇಬಲ್ ಬದಲಿಸುವಾಗಲೂ ಎಲ್ಲರಿಗೂ ಕಾಣುವಂತೆ ಒಯ್ಯಿರಿ. ದೊಡ್ಡ ಬೆಲೆಯ ಚಿಪ್ಸ್ ಮುಂದಿರಲಿ. ಫೋಲ್ಡ್ ಮಾಡಿದ ಮೇಲೆ ‘ಅಯ್ಯೋ, ನನ್ನ ಹತ್ತಿರ ರಾಣಿ ಇತ್ತು’ ಎಂದು ಗೊಣಗಿದರೂ ತಪ್ಪೇ. ಇನ್ನೂ ಆಡುತ್ತಿರುವವರಿಗೆ ಅದು ಸುಳಿವು. ಮತ್ತೆ ಮತ್ತೆ ಮಾಡಿದರೆ ಒಂದು ಸುತ್ತು ಹೊರಗೆ ಕೂರಿಸುತ್ತಾರೆ, ಬ್ಲೈಂಡ್ ಮಾತ್ರ ನಿಮ್ಮದೇ.

ಪ್ರಶ್ನೆ: ಬ್ರೇಕ್ ಹೊತ್ತಿಗೆ 100ರ ಚಿಪ್ಸನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತಾರಂತೆ. ಉಳಿದ ಚಿಲ್ಲರೆ ಏನಾಗುತ್ತದೆ?

ಬ್ಲೈಂಡ್ ಏರಿದ ಮೇಲೆ 100ರ ಚಿಪ್ ಕೆಲಸಕ್ಕೆ ಬಾರದು. ಐದೈದು ಸೇರಿಸಿ 500ರದ್ದು ಕೊಡುತ್ತಾರೆ. ಮಿಕ್ಕ ಒಂದರಿಂದ ನಾಲ್ಕು ಚಿಪ್ಸಿಗೆ ‘ಚಿಪ್ ರೇಸ್’ (ಇದು ಓಟದ ರೇಸ್, ಪಣ ಏರಿಸುವ ರೇಸ್ ಅಲ್ಲ): ನಿಮ್ಮಲ್ಲಿ ಎಷ್ಟು ಮಿಕ್ಕಿದೆಯೋ ಅಷ್ಟು ಎಲೆ ನಿಮ್ಮೆದುರು ಬೀಳುತ್ತವೆ, ದೊಡ್ಡ ಎಲೆ ಬಂದವರಿಂದ ಶುರುಮಾಡಿ ಕ್ರಮವಾಗಿ 500ರ ಒಂದೊಂದು ಚಿಪ್. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಸಿಗುವುದಿಲ್ಲ. ನಿಮ್ಮ ಬಳಿ ಉಳಿದಿರುವುದೇ 100ರ ಒಂದು ಚಿಪ್, ಅದೂ ಸೋತಿತು ಅನ್ನಿ. ಆಗಲೂ ಈ ರೇಸಿನಲ್ಲಿ ಯಾರನ್ನೂ ಟೂರ್ನಮೆಂಟಿನಿಂದ ಹೊರಹಾಕುವಂತಿಲ್ಲ, ನಿಮಗೆ 500ರ ಒಂದು ಚಿಪ್ ಕೊಟ್ಟೇ ಕೂರಿಸುತ್ತಾರೆ.