ವಿದ್ಯಾರ್ಥಿವೇತನ: ನೀವು ಕೇಳಿದ್ದೀರಿ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಒಂದು ಟ್ರಸ್ಟ್ ನನಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಕೊನೆಯ ವರ್ಷಕ್ಕೂ ಮುಂದುವರಿಸಬೇಕಾದರೆ ಕೃತಜ್ಞತಾ ಪತ್ರ ಬರೆಯಿರಿ, ಮುಂದಿನ ಗುರಿಯನ್ನೂ ತಿಳಿಸಿ ಎಂದಿದ್ದಾರೆ. ‘ನಿಮ್ಮ ಋಣ ತೀರಿಸಲಾರೆ’ ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಏನು ಬರೆಯಲಿ?
— ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಸಾಲನ್ನೇ ಹೊಡೆದುಹಾಕಿ. ಅದು ಎಲ್ಲರ ಪತ್ರದಲ್ಲೂ ಇರುತ್ತದೆ, ಓದುವವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಹಣ ಕೊಟ್ಟವರಿಗೆ ತಿಳಿಯಬೇಕಾದದ್ದು ಆ ಹಣ ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಎಂಬುದು. ಹಾಗಾಗಿ ಲೆಕ್ಕದಿಂದಲೇ ಶುರುಮಾಡಿ: ‘ಹಾಸ್ಟೆಲ್ ಮೆಸ್‌ಗೆ 21,000, ಪರೀಕ್ಷಾ ಶುಲ್ಕ ಮತ್ತು ಪುಸ್ತಕಕ್ಕೆ 5,500, ಕ್ಯಾಲ್ಕುಲೇಟರ್ ಮತ್ತು ಡ್ರಾಯಿಂಗ್ ಸಾಮಾನಿಗೆ 3,500.’ ಮೊತ್ತ ತಾಳೆಯಾಗಲಿ, ರಸೀದಿಗಳ ಜೆರಾಕ್ಸ್ ಜೊತೆಗಿರಲಿ.

ಆಮೇಲೆ ಅಂಕ. ಪ್ರತಿ ಸೆಮಿಸ್ಟರ್‌ನದೂ ಬರೆಯಿರಿ. ಯಾವುದಾದರೂ ವಿಷಯ ಉಳಿದಿದ್ದರೆ ಮುಚ್ಚಿಡಬೇಡಿ. ಮಾರ್ಕ್ಸ್ ಕಾರ್ಡ್ ನೋಡಿದಾಗ ಹೇಗೂ ಗೊತ್ತಾಗುತ್ತದೆ. ‘ಗಣಿತ ಒಂದು ಉಳಿದಿತ್ತು, ಮರುಪರೀಕ್ಷೆಯಲ್ಲಿ ಪಾಸಾಗಿದೆ’ ಎಂದು ನೇರವಾಗಿ ಹೇಳಿದರೆ ಯಾರೂ ಹಣ ನಿಲ್ಲಿಸುವುದಿಲ್ಲ. ಬಚ್ಚಿಟ್ಟರೆ ನಿಲ್ಲಿಸಿಯಾರು.

ಪತ್ರಕ್ಕೆ ಜೀವ ಬರುವುದು ನೀವು ಕಲಿತ ಒಂದೇ ಒಂದು ಸಂಗತಿಯಿಂದ. ಲ್ಯಾಬ್‌ನಲ್ಲಿ 150 ಮಿ.ಮೀ. ಕಾಂಕ್ರೀಟ್ ಕ್ಯೂಬ್ ಹಾಕಿ, 28 ದಿನ ನೀರಿನಲ್ಲಿಟ್ಟು, ಮಷಿನ್‌ಗೆ ಕೊಟ್ಟು ಒಡೆದಿರುತ್ತೀರಿ. ನೀರು ಹೆಚ್ಚಾದ ಮಿಶ್ರಣದ ಕ್ಯೂಬ್ ಕಡಿಮೆ ಭಾರಕ್ಕೇ ಬಿರುಕು ಬಿಡುತ್ತದೆ, ಏಕೆಂದರೆ ಸಿಮೆಂಟಿಗೆ ಬೇಕಾದಷ್ಟು ಹೋಗಿ ಉಳಿದ ನೀರು ಆರಿಹೋಗಿ ಒಳಗೆ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ನೀರು–ಸಿಮೆಂಟ್ ಅನುಪಾತ 0.5 ಎಂದರೆ 50 ಕೆ.ಜಿ. ಮೂಟೆಗೆ 25 ಲೀಟರ್. ಊರಲ್ಲಿ ಮನೆ ಕಟ್ಟುವಾಗ ಕಲಸಲು ಸಲೀಸಾಗಲಿ ಎಂದು ಕೊಡಗಟ್ಟಲೆ ಸುರಿಯುವುದನ್ನು ಕಂಡಿದ್ದೀರಲ್ಲ, ಅದೇಕೆ ತಪ್ಪು ಎಂದು ಈಗ ಗೊತ್ತಾಗಿದೆ ಎಂದು ಮೂರು ಸಾಲಿನಲ್ಲಿ ಬರೆಯಿರಿ. ತಮ್ಮ ದುಡ್ಡಿನಿಂದ ಒಬ್ಬ ಎಂಜಿನಿಯರ್ ತಯಾರಾಗುತ್ತಿದ್ದಾಳೆ ಎಂದು ಅವರಿಗೆ ಅಲ್ಲೇ ಅರ್ಥವಾಗುತ್ತದೆ.

ಗುರಿಯ ಮಾತು. ‘ದೊಡ್ಡ ಎಂಜಿನಿಯರ್ ಆಗಿ ದೇಶಸೇವೆ ಮಾಡುತ್ತೇನೆ’ ಎಂಬುದು ಗುರಿಯಲ್ಲ, ಭಾಷಣ. ಮೆಟ್ಟಿಲು ತೋರಿಸಿ. ರಜೆಯಲ್ಲಿ ಯಾವ ಬಗೆಯ ಸೈಟ್‌ನಲ್ಲಿ ಇಂಟರ್ನ್‌ಶಿಪ್, ಗೇಟ್ ಪರೀಕ್ಷೆ ಯಾವಾಗ ಬರೆಯುತ್ತೀರಿ ಎಂಬುದನ್ನು ಹೇಳಿ. ಮೂರನೇ ವರ್ಷದವರೂ ಗೇಟ್ ಬರೆಯಬಹುದು, ಅಂಕಕ್ಕೆ 3 ವರ್ಷ ಬೆಲೆಯಿದೆ. ಅದರ ಮೂಲಕ ಎಂ.ಟೆಕ್.ಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇರುವುದರಿಂದ ಮುಂದಿನ ಓದಿಗೆ ಟ್ರಸ್ಟ್‌ನ ಮೇಲೆ ಅಷ್ಟು ಭಾರ ಬೀಳುವುದಿಲ್ಲ ಎಂಬುದನ್ನೂ ಸೇರಿಸಿ. ಲೋಕೋಪಯೋಗಿ ಅಥವಾ ನೀರಾವರಿ ಇಲಾಖೆಯ ಎಂಜಿನಿಯರ್ ಹುದ್ದೆ ಬೇಕಿದ್ದರೆ ಹಾಗೆಂದೇ ಬರೆಯಿರಿ, ಆದರೆ ‘ಇಂಥ ವರ್ಷ ಸೇರುತ್ತೇನೆ’ ಎನ್ನಬೇಡಿ. ನೇಮಕಾತಿ ಅಧಿಸೂಚನೆ ನಿಮ್ಮ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಕೆಲಸ ಸಿಕ್ಕ ಮೇಲೆ ಹತ್ತು ಮಕ್ಕಳನ್ನು ಓದಿಸುತ್ತೇನೆ ಎಂಬ ಭರವಸೆಯೂ ಬೇಡ. ಈ ವರ್ಷವೇ ಕಿರಿಯ ಇಬ್ಬರಿಗೆ ಅರ್ಜಿ ತುಂಬಲು ಸಹಾಯ ಮಾಡುತ್ತೇನೆ ಎನ್ನಿ, ಅದು ನಿಮ್ಮ ಕೈಯಲ್ಲಿದೆ. ಮನೆಯ ಕಷ್ಟಕ್ಕೆ ಎರಡು ಸಾಲು ಸಾಕು. ಅರ್ಜಿಯಲ್ಲಿ ಅವರು ಓದಿಯೇ ಇದ್ದಾರೆ. ಇನ್ನು, ಪತ್ರದ ನೆತ್ತಿಗೆ ಸರ್ ಎಂ.ವಿ. ಹೇಳಿದ್ದೆಂದು ವಾಟ್ಸಾಪ್ ನುಡಿಮುತ್ತು ಅಂಟಿಸುವ ಚಟ ಹಲವರಿಗಿದೆ. ಅವರೂ ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಹೆಸರು ತರಲೇಬೇಕಿದ್ದರೆ ಈ ಸಂಗತಿ ಬರೆಯಿರಿ.

ಒಟ್ಟು ಒಂದೇ ಪುಟ, ಕೈಬರಹವಾದರೂ ಸರಿ, ಕನ್ನಡದಲ್ಲೇ ಇರಲಿ.

ಪ್ರಶ್ನೆ: ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ನನ್ನ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ತೋರಿಸುತ್ತಿದೆ. ಪಾಸ್‌ಬುಕ್‌ನಲ್ಲಿ ಮಾತ್ರ ಒಂದು ರೂಪಾಯಿಯೂ ಇಲ್ಲ.
— ಮೆಕ್ಯಾನಿಕಲ್ ವಿದ್ಯಾರ್ಥಿ, ತುಮಕೂರು

ಉತ್ತರ: ಹಣ ಬರುವುದು ನೀವು ಅಂದುಕೊಂಡ ಖಾತೆಗಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರಿಗಿರುವ ಖಾತೆಗೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ ಎಂದರೆ ಅದು ಕೆವೈಸಿ (ಗುರುತಿನ ದಾಖಲೆ) ಆಯಿತಷ್ಟೆ, ಸೀಡಿಂಗ್, ಅಂದರೆ ಆ ಪಟ್ಟಿಗೆ ಖಾತೆ ಸೇರಿಸುವುದು, ಬೇರೆ. ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲಿ ಆಧಾರ್ ಸಂಖ್ಯೆ, ಓಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆಯಿರಿ. ಯಾವ ಬ್ಯಾಂಕ್, ಅದು ಆಕ್ಟಿವ್ ಇದೆಯೇ ಎಂದು ಕಾಣುತ್ತದೆ.

ಹೈಸ್ಕೂಲಿನಲ್ಲಿದ್ದಾಗ ತೆರೆದ ಝೀರೋ ಬ್ಯಾಲೆನ್ಸ್ ಖಾತೆ ಅಲ್ಲಿ ಕುಳಿತಿರುವುದು ತೀರಾ ಸಾಮಾನ್ಯ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಅದು ನಿಷ್ಕ್ರಿಯವಾಗಿರಬಹುದು, ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ಸಿಮ್ ಕೊಳ್ಳುವಾಗ ಅಂಗಡಿಯವರು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿದ್ದರೆ ಹಣ ಅಲ್ಲೇ ಇರುತ್ತದೆ, ಒಮ್ಮೆ ನೋಡಿ. ಈಗಿನ ಖಾತೆಗೇ ಬರಬೇಕೆಂದರೆ ಆ ಶಾಖೆಗೆ ಹೋಗಿ ‘ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಆಧಾರ್ ಸೀಡಿಂಗ್’ ಅರ್ಜಿ ಕೊಡಿ, ಹಿಂದಿನ ಬ್ಯಾಂಕಿನ ಹೆಸರನ್ನೂ ಬರೆಯಿರಿ. ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಬದಲಾದ ಮೇಲೂ ಹಣ ಬಾರದಿದ್ದರೆ ಪೋರ್ಟಲ್‌ನದು, ಸೀಡಿಂಗ್‌ನದು ಎರಡೂ ಸ್ಟೇಟಸ್‌ನ ಪ್ರಿಂಟ್ ಹಿಡಿದು, ಅರ್ಜಿ ಯಾವ ಇಲಾಖೆಯಡಿ ಇದೆಯೋ ಅದರ ತಾಲ್ಲೂಕು ಕಚೇರಿಗೆ ಹೋಗಿ. ಕಾಲೇಜಿನ ಕ್ಲರ್ಕ್ ಮೇಲೆ ರೇಗುವುದರಿಂದ ಏನೂ ಆಗದು, ಇದು ಅವರ ಕೈಲಿಲ್ಲ.

ಪ್ರಶ್ನೆ: ನನ್ನ ದೊಡ್ಡ ಮಗಳು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಇ. ಸೇರಿದ್ದಾಳೆ, ಚಿಕ್ಕವಳು ಮೊದಲ ವರ್ಷ. ಇಬ್ಬರಿಗೂ ಪ್ರಗತಿ ವಿದ್ಯಾರ್ಥಿವೇತನಕ್ಕೆ ಹಾಕಬಹುದೇ?
— ತಂದೆ, ಗದಗ

ಉತ್ತರ: ಹಾಕಬಹುದು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶವಿದೆ. ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು, ಕಾಲೇಜಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇರಬೇಕು. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ: ಚಿಕ್ಕವಳಿಗೆ 4 ವರ್ಷ, ದೊಡ್ಡವಳಿಗೆ 3. ಹೊಸ ಅರ್ಜಿ ಸೇರಿದ ವರ್ಷವೇ ಹಾಕಬೇಕು, ಮುಂದಿನ ವರ್ಷ ನೋಡೋಣ ಎಂದರೆ ಹೋಯಿತು. ಸರ್ಕಾರದ ಬೇರೆ ವಿದ್ಯಾರ್ಥಿವೇತನವನ್ನು ಇದರ ಜೊತೆ ಪಡೆಯುವಂತಿಲ್ಲ, ಆದ್ದರಿಂದ ಯಾವುದು ಲಾಭ ಎಂದು ಮೊದಲೇ ಲೆಕ್ಕ ಹಾಕಿ. ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ಅರ್ಜಿ ಹಾಕುವ ಪೋರ್ಟಲ್ ತೆರೆಯುವ ತನಕ ಕಾಯದೆ ಇವತ್ತೇ ನಾಡಕಚೇರಿಗೆ ಅರ್ಜಿ ಕೊಡಿ.