ತಾತ ಯುದ್ಧದಿಂದ ತಂದ ಜರ್ಮನ್ ಹೆಲ್ಮೆಟ್ ಅಸಲಿಯಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಲ್ಲಿ ಒಬ್ಬರು ಎರಡನೇ ಮಹಾಯುದ್ಧದ ಜರ್ಮನ್ ಎಂ42, ಅಂದರೆ 1942ರ ಮಾದರಿಯ ಹೆಲ್ಮೆಟ್ ಮಾರುತ್ತಿದ್ದಾರೆ. ಪಕ್ಕದಲ್ಲಿ ಎಸ್‌ಎಸ್ ಗುರುತಿದೆ, ಅಂದರೆ ನಾಜಿ ಪಕ್ಷದ ಸ್ವಂತ ಪಡೆಯ ಗುರುತು. ಅವರ ತಾತ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರಂತೆ, ಇಟಲಿಯ ಕಸಿನೊ ಯುದ್ಧದಿಂದ ತಂದರಂತೆ. ನಲವತ್ತು ಸಾವಿರ ಹೇಳುತ್ತಿದ್ದಾರೆ, ತಗೋಬಹುದಾ?

ಈಗಲೇ ತಗೋಬೇಡಿ. ಆ ಗುರುತನ್ನು ನೋಡುವುದನ್ನೂ ಸದ್ಯಕ್ಕೆ ಬಿಡಿ. ಹೆಲ್ಮೆಟ್ ಬೋರಲು ಹಾಕಿ ಒಳಗೆ ನೋಡಿ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ನಾನು ಕೆಲಸದ ಮೇಲೆ ಸ್ಟುಟ್‌ಗಾರ್ಟ್ ಕಡೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿಂದ ಟ್ರೇನ್ ಹತ್ತಿದರೆ ಸ್ವಲ್ಪ ಹೊತ್ತಿಗೆ ಎಸ್ಲಿಂಗೆನ್. ಯುದ್ಧದ ಕಾಲದಲ್ಲಿ ಈ ಹೆಲ್ಮೆಟ್‌ಗಳನ್ನು ಮಾಡುತ್ತಿದ್ದ ಕ್ವಿಸ್ಟ್ ಕಾರ್ಖಾನೆ ಇದ್ದದ್ದು ಆ ಊರಲ್ಲೇ. ಅಲ್ಲಿಂದ ಹಿಡಿದ ಹುಚ್ಚು ಇದು. ಈಗ ಮನೆಯಲ್ಲಿ ನಾಲ್ಕು ಹೆಲ್ಮೆಟ್ ಇವೆ. ಅದರಲ್ಲಿ ಒಂದರಲ್ಲಿ ನಾನು ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೇನೆ.

ಅದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ಮಾರುತ್ತಿದ್ದ ಮುದುಕ ಅಟ್ಟದ ಮೇಲೆ ಇತ್ತು ಅಂದ. ಎಂ42. ಒಂದು ಕಡೆ ಹದ್ದು, ಇನ್ನೊಂದು ಕಡೆ ಕಪ್ಪು, ಬಿಳಿ, ಕೆಂಪು ಪಟ್ಟೆಯ ಗುರಾಣಿ. ಎರಡೂ ಕಡೆ ಗುರುತು ಅಂತ ಖುಷಿಯಾಗಿ 320 ಯೂರೋ ಕೊಟ್ಟೆ. ಮುಂದಿನ ವಾರ, ನಲವತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಹದ್ದಿನ ಕಡೆ ಕಣ್ಣೂ ಹಾಯಿಸಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಒಂದು ಸುತ್ತು ಎಳೆದರು. ಆಮೇಲೆ ಗುರಾಣಿ ನೋಡಿ ನಕ್ಕರು.

ವಿಷಯ ಏನಪ್ಪಾ ಅಂದರೆ, 1935ರ ಮಾದರಿಯಲ್ಲೂ 1940ರ ಮಾದರಿಯಲ್ಲೂ ಉಕ್ಕಿನ ಅಂಚನ್ನು ಒಳಕ್ಕೆ ಮಡಚಿ ಸುರುಳಿ ಮಾಡಿರುತ್ತಾರೆ. ಬೆರಳಿಗೆ ದುಂಡಗೆ, ನಯವಾಗಿ ಸಿಗುತ್ತದೆ. 1942ರಲ್ಲಿ ಆ ಕೆಲಸ ಉಳಿಸಲು ಮಡಚುವುದನ್ನೇ ಬಿಟ್ಟರು. ಕತ್ತರಿಸಿದ ಅಂಚು ಹಾಗೇ, ಸ್ವಲ್ಪ ಹೊರಕ್ಕೆ ಚಾಚಿಕೊಂಡಿರುತ್ತದೆ. ಉಗುರಿಗೆ ತಗಡಿನ ತುದಿ ಸಿಕ್ಕಿದರೆ ಅದು ಎಂ42. ಸೈನ್ಯದ ಆ ಮೂರು ಬಣ್ಣದ ಗುರಾಣಿಯನ್ನು ನಿಲ್ಲಿಸಿದ್ದು ಯಾವಾಗ? 1940ರಲ್ಲಿ. ಅಂದರೆ ಎರಡು ವರ್ಷ ಮುಂಚೆಯೇ ನಿಂತುಹೋದ ಗುರುತು ಆಮೇಲೆ ಹುಟ್ಟಿದ ಹೆಲ್ಮೆಟ್ ಮೇಲೆ ಕೂತಿತ್ತು. ಉಕ್ಕು ಅಸಲಿ, ಸ್ಟಿಕ್ಕರ್ ಮಾತ್ರ ಹೊಸದು. ಇದನ್ನು ಸಂತೆಯಲ್ಲಿ ನಿಂತಾಗಲೇ ಲೆಕ್ಕ ಹಾಕಬಹುದಿತ್ತು, ಅಲ್ವಾ? ಹಾಕಲಿಲ್ಲ. ಎಂಜಿನಿಯರ್ ಅಂತ ಬೇರೆ ಹೇಳಿಕೊಳ್ಳುತ್ತೇನೆ.

ಯುದ್ಧದ ಕೊನೆಯ ವರ್ಷಗಳ ಹೆಲ್ಮೆಟ್‌ನ ತಮಾಷೆಯೇ ಇದು. 1943ರ ಆಗಸ್ಟ್‌ನಲ್ಲಿ ಹದ್ದನ್ನೂ ಹಾಕಬೇಡಿ ಅಂತ ಆದೇಶ ಬಂತು. ಅದೇ ವರ್ಷದ ಕೊನೆಯ ಹೊತ್ತಿಗೆ ಎಸ್‌ಎಸ್ ಗುರುತಿಗೂ ಅದೇ ಗತಿ. ಹಾಗಾಗಿ 44, 45ರಲ್ಲಿ ಕಾರ್ಖಾನೆಯಿಂದ ಹೊರಬಂದ ಹೆಲ್ಮೆಟ್ ಬೋಳು ಬೋಳಾಗಿರುತ್ತದೆ. ಒರಟು ಬೂದು ಹಸಿರು ಬಣ್ಣ, ಅಷ್ಟೇ. ಬೋಳು ಹೆಲ್ಮೆಟ್‌ಗೆ ಬೆಲೆ ಕಡಿಮೆ, ಎಸ್‌ಎಸ್ ಗುರುತು ಇದ್ದರೆ ಹಲವು ಪಟ್ಟು ಜಾಸ್ತಿ. ಅಸಲಿ ಬೋಳು ಹೆಲ್ಮೆಟ್ ತಗೊಂಡು ಒಂದು ಸ್ಟಿಕ್ಕರ್ ಅಂಟಿಸಿದರೆ ಸಾಕು, ಸಂಪಾದನೆ ಆಯಿತು. ಅದಕ್ಕೇ ನನ್ನ ಲೆಕ್ಕದಲ್ಲಿ ಗುರುತು ಇದ್ದಷ್ಟೂ ಅನುಮಾನ ಜಾಸ್ತಿ.

ಇನ್ನು ಒಳಗೆ ಏನು ನೋಡಬೇಕು? ಒಳಭಾಗದ ಎಡ ಪಕ್ಕದಲ್ಲಿ ಉಕ್ಕಿಗೇ ಹೊಡೆದ ಅಕ್ಷರ ಮತ್ತು ಸಂಖ್ಯೆ ಇರುತ್ತದೆ. ಕ್ಯೂ64 ಇದ್ದರೆ ಕ್ವಿಸ್ಟ್ ಕಾರ್ಖಾನೆ, 64ರ ಸೈಜು. ಇಟಿ ಅಂದರೆ ಥಾಲೆ ಊರಿನ ಕಾರ್ಖಾನೆ, ಅದೇ ಮುಂದೆ ಸಿಕೆಎಲ್ ಅಂತ ಗುಪ್ತ ಸಂಕೇತ ಹಾಕತೊಡಗಿತು. ಎನ್‌ಎಸ್, ಇಎಫ್, ಎಚ್‌ಕೆಪಿ ಕೂಡ ಕಾಣುತ್ತವೆ, ಅವು ಬೇರೆ ಕಾರ್ಖಾನೆಗಳ ಗುರುತು. ಹಿಂಭಾಗದಲ್ಲಿ ಬ್ಯಾಚ್ ಸಂಖ್ಯೆ. ಕೊನೆಯ ವರ್ಷಗಳ ಕೆಲವು ಹೆಲ್ಮೆಟ್‌ಗಳಲ್ಲಿ ಎರಡೂ ಹಿಂದೆಯೇ ಇರುತ್ತವೆ, ಎಡಗಡೆ ಖಾಲಿ ಅಂತ ಗಾಬರಿ ಬೇಡ. ನೋಡಬೇಕಾದ್ದು, ಆ ಅಕ್ಷರದ ಗುಳಿಯೊಳಗೆ ಬಣ್ಣ ಇಳಿದಿದೆಯಾ ಅಂತ. ಮೊದಲು ಅಚ್ಚು, ಆಮೇಲೆ ಬಣ್ಣ. ಗುಳಿಯ ಸುತ್ತ ಬಣ್ಣ ಬಿರುಕು ಬಿಟ್ಟು ಒಳಗೆ ಬರೀ ಉಕ್ಕು ಹೊಳೆಯುತ್ತಿದ್ದರೆ ಮೊನ್ನೆ ಮೊನ್ನೆ ಯಾರೋ ಸುತ್ತಿಗೆ ಹಿಡಿದಿದ್ದಾರೆ ಅಂತ ಅರ್ಥ.

ಎರಡೂ ಪಕ್ಕದಲ್ಲಿ ಗಾಳಿಗೆ ಒಂದೊಂದು ತೂತು ಇರುತ್ತದೆ. 35ರ ಮಾದರಿಯಲ್ಲಿ ಅಲ್ಲಿಗೆ ಬೇರೆ ಸಣ್ಣ ಬಳೆ ಕೂರಿಸಿರುತ್ತಾರೆ. 40ರಿಂದ ಈಚೆಗೆ ಉಕ್ಕನ್ನೇ ಉಬ್ಬಿಸಿ ತೂತು ಮಾಡಿದ್ದು. ಎಂ42ರಲ್ಲಿ ಬೇರೆ ಬಳೆ ಕಂಡರೆ ಅಲ್ಲಿಂದ ಎದ್ದು ಬನ್ನಿ.

ನನಗೆ ಎಲ್ಲಕ್ಕಿಂತ ನಂಬಿಕೆ ಆ ಮೂರು ಪಿನ್‌ಗಳ ಮೇಲೆ. ಒಳಗಿನ ಚರ್ಮದ ಲೈನರ್ ಅನ್ನು ಉಕ್ಕಿಗೆ ಹಿಡಿದಿರುವುದು ಅವೇ. ಹಳೇ ಆಫೀಸ್ ಫೈಲಿಗೆ ಹಾಕುತ್ತಿದ್ದ ಎರಡು ಕಾಲಿನ ಪಿನ್ ನೆನಪಿದೆಯಾ? ಅದೇ ತರಹ, ಹೊರಗಿನಿಂದ ತೂರಿಸಿ ಒಳಗೆ ಕಾಲು ಅಗಲಿಸುವುದು. ಎಂಬತ್ತು ವರ್ಷ ಯಾರೂ ಮುಟ್ಟದಿದ್ದರೆ ಪಿನ್ ತಲೆಯ ಬಣ್ಣ ಮತ್ತು ಸುತ್ತಲಿನ ಬಣ್ಣ ಒಟ್ಟಿಗೇ ಹಳೆಯದಾಗಿರುತ್ತದೆ. ತಲೆಯ ಕೆಳಗಿನಿಂದ ತುಕ್ಕು ಸಣ್ಣದಾಗಿ ಹೊರಗೆ ಹರಿದಿರುತ್ತದೆ. ಪಿನ್ ತಿರುಗಿಸಿದ್ದರೆ ಅದರ ಹಳೇ ಜಾಗದ ನೆರಳು ಚಂದ್ರನ ಗೆರೆಯ ಹಾಗೆ ಪಕ್ಕದಲ್ಲಿ ಉಳಿದುಬಿಡುತ್ತದೆ. ಭೂತಗನ್ನಡಿ ತಗೊಂಡು ಹೋಗಿ. ಆದರೆ ಪಿನ್ ಬಿಚ್ಚಿ ತೋರಿಸಿ ಅಂತ ಮಾತ್ರ ಕೇಳಬೇಡಿ. ಕಾಲು ಮುರಿದುಹೋಗುತ್ತದೆ, ಅಸಲಿ ಆಗಿದ್ದರೂ ಅರ್ಧ ಬೆಲೆ ಹೋಯಿತು.

ಲೈನರ್‌ನಲ್ಲಿ ಎಂಟು ಚರ್ಮದ ನಾಲಿಗೆ, ಅದರ ಹಿಂದೆ ಲೋಹದ ಬಳೆ. ಕೊನೆಯ ವರ್ಷಗಳಲ್ಲಿ ಅಲ್ಯೂಮಿನಿಯಂ ಬದಲು ಸತು ಬಳಿದ ಉಕ್ಕು. ಬಳೆಯ ಮೇಲೆ 64, ಎನ್.ಎ., 57 ಅಂತ ಇರುತ್ತದೆ. 64 ಹೆಲ್ಮೆಟ್ ಸೈಜು, ಎನ್.ಎ. ಅಂದರೆ ಜರ್ಮನ್‌ನಲ್ಲಿ ಹೊಸ ಬಗೆ, 57 ತಲೆಯ ಸುತ್ತಳತೆ. ಹೆಲ್ಮೆಟ್ ಸೈಜಿನಲ್ಲಿ ಏಳು ಅಥವಾ ಎಂಟು ಕಳೆದರೆ ತಲೆ ಸೈಜು ಬರಬೇಕು. 66ರ ಉಕ್ಕಿನೊಳಗೆ 57 ಕಂಡರೆ ಲೈನರ್ ಎಲ್ಲಿಂದಲೋ ಬಂದಿದೆ. ಈ ಬಳೆ ಮಾಡುತ್ತಿದ್ದ ಶುಬರ್ಟ್ ಕಂಪನಿ ಈಗಲೂ ಇದೆ, ಬೈಕ್ ಹೆಲ್ಮೆಟ್ ಮಾಡುತ್ತದೆ.

ನೇರಳಾತೀತ ಟಾರ್ಚ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಕತ್ತಲೆಯಲ್ಲಿ ಬಿಟ್ಟಾಗ ಸ್ಟಿಕ್ಕರ್ ಅಥವಾ ದಾರ ನೀಲಿ ಬಿಳಿಯಾಗಿ ಹೊಳೆದರೆ ಈಚಿನ ರಾಸಾಯನಿಕ ಇದೆ ಅಂತ. ಹೊಳೆಯದಿದ್ದರೆ ಅಸಲಿ ಅಂತ ಅಲ್ಲ, ಮೋಸ ಮಾಡುವವರಿಗೂ ಆ ಟಾರ್ಚ್ ಸಿಗುತ್ತದೆ. ಆಯಸ್ಕಾಂತ ಅಂಟಿಸಿ ನೋಡುವುದಂತೂ ಸುಮ್ನೆ, ನಕಲಿಯೂ ಉಕ್ಕೇ. ಸಿನಿಮಾ, ನಾಟಕಕ್ಕೆ ಅಂತ ನಮ್ಮ ದೇಶದಲ್ಲೇ ಮಾಡಿ ವಿದೇಶಕ್ಕೆ ಕಳಿಸುವವರಿದ್ದಾರೆ.

ಹೆಚ್ಚು ಯೋಚನೆ ಮಾಡದೆ ನಾನು ತಗೊಂಡಿದ್ದು ಒಂದೇ ಒಂದು ಹೆಲ್ಮೆಟ್. ಅದಕ್ಕೆ ಉದ್ದ ಕೋಲು ಸಿಕ್ಕಿಸಿ ರಿವೆಟ್ ಹೊಡೆದಿದ್ದಾರೆ. ಯುದ್ಧ ಮುಗಿದ ಮೇಲೆ ಇಲ್ಲಿನ ಜನರ ಹತ್ತಿರ ಪಾತ್ರೆ ಪಡಗ ಇರಲಿಲ್ಲ, ಹೆಲ್ಮೆಟ್ ಬೇಕಾದಷ್ಟಿತ್ತು. ತೂತು ಕೊರೆದು ಜರಡಿ ಮಾಡಿದರು, ರೈತರು ಕೋಲು ಕಟ್ಟಿ ಕೊಟ್ಟಿಗೆಯ ಗಂಜಲ ಮೊಗೆಯುವ ಸೌಟು ಮಾಡಿಕೊಂಡರು. ಗಂಜಲದ ಸೌಟನ್ನು ನಕಲು ಮಾಡೋಕೆ ಯಾರು ಕೂತಿರುತ್ತಾರೆ? ಹದಿನೈದು ಯೂರೋ. ಅಂಚಿಗೆ ಉಗುರು ಎಳೆದರೆ ಎಂ42. ಹೆಂಡತಿ ಮನೆಯೊಳಗೆ ಬಿಟ್ಟಿಲ್ಲ, ಬಾಲ್ಕನಿಯಲ್ಲಿದೆ.

ಈಗ ಆ ಮಾರುವವರ ತಾತನ ಕತೆಗೆ ಬರೋಣ. ಸುಳ್ಳು ಅಂತ ಹೇಳಲಾರೆ. ಮದ್ರಾಸ್ ಸ್ಯಾಪರ್ಸ್‌ನವರು ಇಟಲಿಯಲ್ಲಿ ಇದ್ದದ್ದು ನಿಜ, 1944ರ ಫೆಬ್ರುವರಿ, ಮಾರ್ಚ್‌ನಲ್ಲಿ ನಾಲ್ಕನೇ ಇಂಡಿಯನ್ ಡಿವಿಷನ್ ಕಸಿನೊ ಬೆಟ್ಟದಲ್ಲಿ ಹೋರಾಡಿದ್ದೂ ನಿಜ. ಯಾರೋ ಒಬ್ಬ ಹೆಲ್ಮೆಟ್ ಎತ್ತಿಕೊಂಡು ಬಂದಿರಬಹುದು. ಆದರೆ ಅಲ್ಲಿ ಎದುರಿಗೆ ಇದ್ದವರಲ್ಲಿ ಮುಖ್ಯವಾದವರು ಜರ್ಮನ್ ವಾಯುಪಡೆಯ ಪ್ಯಾರಾಟ್ರೂಪರ್‌ಗಳು. ಅವರ ಹೆಲ್ಮೆಟ್ ಆಕಾರವೇ ಬೇರೆ, ಕಿವಿ ಮುಚ್ಚುವ ಆ ಅಗಲ ಅಂಚು ಇರುವುದಿಲ್ಲ. ಉಳಿದವರು ಸಾಮಾನ್ಯ ಸೈನ್ಯದವರು. ಎಸ್‌ಎಸ್ ಡಿವಿಷನ್ ಆ ಬೆಟ್ಟದ ಮೇಲೆ ಇರಲಿಲ್ಲ. ಹಾಗಾಗಿ ತಾತನೂ ನಿಜ ಇರಬಹುದು, ಹೆಲ್ಮೆಟ್ಟೂ ನಿಜ ಇರಬಹುದು, ಗುರುತು ಮಾತ್ರ ಮೊಮ್ಮಗನ ಕಾಲದ್ದು ಇರಬಹುದು. ತಾತನ ಸರ್ವಿಸ್ ಪುಸ್ತಕ, ಆ ಕಾಲದ ಫೋಟೋ ಏನಾದರೂ ಇದೆಯಾ ಕೇಳಿ. ನಿಜವಾಗಿಯೂ ಇದ್ದರೆ ನನಗೆ ಹೆಲ್ಮೆಟ್‌ಗಿಂತ ಆ ಪುಸ್ತಕದ ಮೇಲೇ ಆಸೆ.

ಇನ್ನೊಂದು ಮಾತು. ಜರ್ಮನಿಗೆ ತಂದು ಮಾರೋಣ ಅಂತ ಯಾರಾದರೂ ಐಡಿಯಾ ಕೊಟ್ಟರೆ ಕೇಳಬೇಡಿ. ಇಲ್ಲಿ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು ಕ್ರಿಮಿನಲ್ ಕಾನೂನಿನ 86ಎ ಕಲಮಿನ ಕೆಳಗೆ ಅಪರಾಧ. ಸಂತೆಯಲ್ಲೂ ಅದರ ಮೇಲೆ ಟೇಪ್ ಅಂಟಿಸಿಯೇ ಇಟ್ಟಿರುತ್ತಾರೆ. ನನಗೆ ಮಾರಿದ ಮುದುಕನೂ ಹದ್ದಿನ ಕಾಲ ಕೆಳಗಿನ ಸ್ವಸ್ತಿಕದ ಮೇಲೆ ಟೇಪ್ ಅಂಟಿಸಿದ್ದ. ಅದನ್ನು ನೋಡಿಯೇ ನನಗೆ ಇದು ಅಸಲಿ ಅನ್ನಿಸಿದ್ದು!

ಮಾರುವವರಿಗೆ ನಾಲ್ಕು ಫೋಟೋ ಕೇಳಿ: ಅಂಚು, ಒಳಗಿನ ಎಡ ಪಕ್ಕ, ಹಿಂಭಾಗದ ಸಂಖ್ಯೆ, ಒಂದು ಪಿನ್ ತಲೆ ಹತ್ತಿರದಿಂದ. ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಕಳಿಸಿದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಗುರುತಿನ ಫೋಟೋ ಬೇಡ.